ಆಚಾರ್ಯ ಶ್ರೀಯವರೂ ಕನ್ನಡ ಮಾತಿನ ನಡೆಯೂ

ಹಿರಿಯರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವರ ಹುಟ್ಟೂರಿನಿಂದ ಆರಂಭಿಸುತ್ತಾರೆ. ನಾನು ನನಗಾದ ಒಂದು ಅವಮಾನದಿಂದ ಆರಂಭಿಸಬೇಕಾಗಿದೆ. ವಾಚಕರು ಕ್ಷಮಿಸಬೇಕು. ಆ ಅವಮಾನವಾಗದೆ ಇದ್ದಿದ್ದರೆ ಬಿ. ಎಂ. ಶ್ರೀಕಂಠಯ್ಯನವರ ಹೆಸರು ನನಗೆ ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿಯೇ ಉಳಿದುಬಿಡುತ್ತಿತ್ತು.

ಎರಡನೆಯ ಬಿ.ಎ. ತರಗತಿಯಲ್ಲಿದ್ದಾಗ ಬೇರೆ ಊರಿನಲ್ಲಿ ನಡೆದ ಒಂದು ಇಂಗ್ಲಿಷ್ ಭಾಷಣ ಸ್ಪರ್ಧೆಗೆ ಹೋಗಿದ್ದೆನು. ಹಂಪೆಯ ಮೇಲೆ ಭಾಷಣ. ೧೮೫೬ರಲ್ಲಿ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪೆಯ ಪಾಳು ಗುಡಿಗಳ ಛಾಯಾಚಿತ್ರಗಳನ್ನು ತೆಗೆದ ಸಂಗತಿಯನ್ನು ಎಲ್ಲಿಯೋ ಓದಿದ್ದೆನು; ಅದನ್ನು ಬಹಳ ಹೆಮ್ಮೆಯಿಂದ ಸೇರಿಸಿಕೊಂಡಿದ್ದೆನು. ಛಾಯಾಗ್ರಹಣ ಎಂಬುದಕ್ಕೆ ಇರುವ ಇಂಗ್ಲಿಷ್ ಶಬ್ದವನ್ನು ನಮ್ಮ ಸಂಡೂರಿನ ಸ್ಟುಡಿಯೋದ ಬೋರ್ಡಿನಲ್ಲಿ ಬರೆದಿರುವಂತೆ, ಫೋಟೋ ಎಂದು ಮೊದಲು ಗಟ್ಟಿಯಾಗಿ ಹೇಳಿ, ಆಮೇಲೆ ಗ್ರಾಫಿ ಎಂದು ಸೇರಿಸಿ ನುಡಿದೆನು. ತೀರ್ಪುಗಾರರಲ್ಲಿ ಒಬ್ಬರು ಭಾಷಣ ಮುಗಿದ ಮೇಲೆ ಅದೇ ಶಬ್ದವನ್ನು ನಾನು ಹೇಳಿದ ಹಾಗೆಯೇ ಎರಡು ಸಲ ಹೇಳಿ ತೋರಿಸಿದರು. ಸಭೆ ನಕ್ಕಿತು. ತಪ್ಪು ಏನೆಂಬುದನ್ನು ಅವರು ಹೇಳಲಿಲ್ಲ. ನಕ್ಕವರಲ್ಲಿ ಎಷ್ಟು ಮಂದಿಗೆ ಅದು ಗೊತ್ತಿತ್ತೋ ನನಗೆ ಈಗಲೂ ಸಂದೇಹ. ಹೊಸಪೇಟೆಯಿಂದ ಸಂಡೂರಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿಕೊಂಡು ಕುಳಿತಿದ್ದೆನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಅಪ್ಪ ಅದಿರಿನ ಲಾರಿ ನಡೆಸಿದವರು; ಅವ್ವನಿಗೆ ರುಜು ಮಾತ್ರ ಬರುತ್ತದೆ. ಇಂಥ ತಪ್ಪನ್ನು ತಿದ್ದುವವರು ಮನೆಯಲ್ಲಿ ಯಾರು?

ಮರುದಿನ ನಮ್ಮ ಇಂಗ್ಲಿಷ್ ಅಧ್ಯಾಪಕರನ್ನು ಕೇಳಿದೆನು. ಅವರು ಕರಿಹಲಗೆಯ ಮೇಲೆ ಒಂದೇ ಮೂಲದ ಮೂರು ಶಬ್ದಗಳನ್ನು ಬರೆದರು. ಛಾಯಾಚಿತ್ರ ಎಂಬರ್ಥದ ಫೋಟೋಗ್ರಾಫ್‌ನಲ್ಲಿ ದನಿಯ ಒತ್ತು ಮೊದಲನೆಯ ಅಕ್ಷರದ ಮೇಲೆ. ಆ ಕಲೆಯ ಹೆಸರನ್ನು ಹೇಳುವಾಗ ಒತ್ತು ಎರಡನೆಯ ಅಕ್ಷರಕ್ಕೆ ಹಾರುತ್ತದೆ. ಆಗ ಅದು ಫಟಾಗ್ರಫಿ ಎಂಬಂತೆ ಕೇಳಿಸುತ್ತದೆ, ಮೊದಲಿನ ಫೋ ಎಂಬುದು ಬಡವಾಗಿ ಹೋಗುತ್ತದೆ. ಅದಕ್ಕೆ ಸಂಬಂಧಪಟ್ಟದ್ದು ಎಂದು ವಿಶೇಷಣ ಮಾಡಿದರೆ ಒತ್ತು ಮೂರನೆಯದಕ್ಕೆ ಸರಿಯುತ್ತದೆ. ಕಾಗುಣಿತ ನೋಡಿದರೆ ಇದಾವುದೂ ತಿಳಿಯುವಂತಿಲ್ಲ. ಅಷ್ಟೇ ಅಲ್ಲ, ರೆಕಾರ್ಡ್, ಪರ್ಮಿಟ್ ಮೊದಲಾದ ಶಬ್ದಗಳಲ್ಲಿ ಒತ್ತು ಮೊದಲಿಗೆ ಬಿದ್ದರೆ ನಾಮಪದ, ಕೊನೆಗೆ ಬಿದ್ದರೆ ಕ್ರಿಯಾಪದ. ನಮ್ಮ ಊರಿನಲ್ಲಿ ಗಣಿಯ ಲಾರಿಗಳಿಗೆ ಪರ್ಮಿಟ್ ಎಂಬ ಮಾತನ್ನು ದಿನಕ್ಕೆ ನೂರು ಸಲ ಆಡುತ್ತಾರೆ. ಒತ್ತಿನ ವಿಚಾರ ಯಾರಿಗೂ ಬೇಕಾಗಿಲ್ಲ, ಲಾರಿ ಹೋಗಿಯೇ ಹೋಗುತ್ತದೆ.

ಒತ್ತು ಎಂದರೆ ಕನ್ನಡ ಶಾಲೆಯಲ್ಲಿ ನಾವು ಒತ್ತಕ್ಷರ ಎಂದೇ ತಿಳಿದುಕೊಳ್ಳುತ್ತೇವೆ. ಅದಲ್ಲ, ಇಲ್ಲಿ ಹೇಳುತ್ತಿರುವುದು ಉಸಿರಿನ ಒತ್ತು, ಆಘಾತ. ಎಲ್ಲ ಭಾಷೆಗಳಲ್ಲಿಯೂ ಇದು ಒಂದೇ ಬಗೆಯಲ್ಲಿ ನಡೆಯುವುದಿಲ್ಲ. ಹಂಗೇರಿಯ ಜನರ ಮಾತಿನಲ್ಲಿ ಅದು ಯಾವಾಗಲೂ ಪದದ ಮೊದಲನೆಯ ಅಕ್ಷರಕ್ಕೆ ಬೀಳುತ್ತದೆ. ಪೋಲೆಂಡಿನವರು ಬಹುಮಟ್ಟಿಗೆ ಕೊನೆಯಿಂದ ಎರಡನೆಯದನ್ನು ಒತ್ತಿ ನುಡಿಯುತ್ತಾರೆ. ರಷ್ಯನ್ ಭಾಷೆಯಲ್ಲಿ ಒತ್ತಿಗೆ ಗೊತ್ತಾದ ಮನೆಯಿಲ್ಲ. ಒಂದೇ ಕಾಗುಣಿತದ ಶಬ್ದವನ್ನು ಮೊದಲಲ್ಲಿ ಒತ್ತಿದರೆ ಕೋಟೆ, ಕೊನೆಯಲ್ಲಿ ಒತ್ತಿದರೆ ಬೀಗ. ನಮ್ಮ ಕನ್ನಡದಲ್ಲಿ ಮಾತ್ರ ಒತ್ತು ಅರ್ಥವನ್ನು ಬದಲಿಸುವುದೇ ಇಲ್ಲ. ಇಲ್ಲಿ ಅರ್ಥವನ್ನು ಬದಲಿಸುವುದು ಕಾಲ. ಕಡು ಎನ್ನುವುದಕ್ಕೂ ಕಾಡು ಎನ್ನುವುದಕ್ಕೂ, ಬಿಡು ಎನ್ನುವುದಕ್ಕೂ ಬೀಡು ಎನ್ನುವುದಕ್ಕೂ ಇರುವ ಅಂತರ ಒಂದು ಮಾತ್ರೆಯದು. ಕತೆ ಹೇಳುವವನನ್ನು ಕತ್ತೆ ಹೇಳುವವನನ್ನಾಗಿ ಮಾಡುವುದಕ್ಕೂ ಅಷ್ಟೇ ಸಾಕು.

ಆದರೂ ಕನ್ನಡದಲ್ಲಿ ಒತ್ತು ಇಲ್ಲವೇ ಇಲ್ಲ ಎಂದು ಹೇಳಲಾಗದು. ಹಗುರವಾದ ಒಂದು ಊರುವಿಕೆ ಪದದ ಮೊದಲನೆಯ ಅಕ್ಷರದ ಮೇಲೆ ಇದ್ದೇ ಇದೆ. ಇದನ್ನು ನಾನು ನಮ್ಮ ಬಸ್ ನಿಲ್ದಾಣದಲ್ಲಿ ಕುಳಿತು ಕೇಳಿಸಿಕೊಂಡು ತಿಳಿದೆನು. ಹುಡುಗಿ ಎಂಬುದು ಹುಡ್ಗಿ ಆಗುತ್ತದೆ, ಕುದುರೆ ಕುದ್ರೆ ಆಗುತ್ತದೆ, ಮಾಡುತ್ತಾನೆ ಎಂಬುದು ಮಾಡ್ತಾನೆ ಆಗುತ್ತದೆ. ಎಷ್ಟೇ ಅವಸರವಿದ್ದರೂ ನಡುವಿನ ಸ್ವರವನ್ನು ನುಂಗುತ್ತಾರೆಯೇ ಹೊರತು ಮೊದಲನೆಯ ಅಕ್ಷರವನ್ನು ಬಿಡುವುದಿಲ್ಲ. ನಾನು ಆ ಸಭೆಯಲ್ಲಿ ಮಾಡಿದ ತಪ್ಪು ಇಷ್ಟೇ: ಇಂಗ್ಲಿಷ್ ಶಬ್ದವನ್ನು ಕನ್ನಡದ ನಿಯಮದಂತೆ ಮೊದಲಲ್ಲಿ ಊರಿ, ಎಲ್ಲ ಅಕ್ಷರಗಳಿಗೂ ಅವುಗಳ ಪೂರ್ತಿ ಕಾಲವನ್ನು ಕೊಟ್ಟು ನುಡಿದಿದ್ದೆನು.

ಇದನ್ನೆಲ್ಲ ಕೇಳಿಸಿಕೊಂಡ ನಮ್ಮ ಕನ್ನಡ ಅಧ್ಯಾಪಕರು, ಈ ಎರಡು ಭಾಷೆಗಳ ನಡೆಯ ನಡುವೆ ಸೇತುವೆ ಕಟ್ಟಿದವರೊಬ್ಬರಿದ್ದಾರೆ, ಅವರನ್ನು ಓದು ಎಂದು ಗ್ರಂಥಾಲಯದಿಂದ ‘ಇಂಗ್ಲಿಷ್ ಗೀತಗಳು’ ಪುಸ್ತಕವನ್ನು ತೆಗೆಸಿಕೊಟ್ಟರು. ಇನ್ನು ಚರಿತ್ರೆಗೆ ಬರುತ್ತೇನೆ.

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು ೧೮೮೪ನೆಯ ಇಸವಿ ಜನವರಿ ೩ರಂದು ತುಮಕೂರು ಜಿಲ್ಲೆಯ ಸಂಪಿಗೆ ಎಂಬ ಗ್ರಾಮದಲ್ಲಿ ಜನಿಸಿದರು. ಅದು ತಾಯಿಯ ತವರು. ತಂದೆಯವರ ಊರು ನಾಗಮಂಗಲದ ಕಡೆಯ ಬೆಳ್ಳೂರು. ತಂದೆ ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರು. ಮಗನ ಬಾಲ್ಯವೂ ಅಲ್ಲಿಯೇ ಕಾವೇರಿಯ ದಡದಲ್ಲಿ ಕಳೆಯಿತು. ಮುಂದೆ ಮೈಸೂರು, ಬೆಂಗಳೂರುಗಳಲ್ಲಿ ಓದಿ, ಮದರಾಸು ವಿಶ್ವವಿದ್ಯಾನಿಲಯದಿಂದ ಬಿ.ಎ., ಬಿ.ಎಲ್., ಎಂ.ಎ. ಪದವಿಗಳನ್ನು ಪಡೆದರು. ಕಾನೂನು ಓದಿದರೂ ಕೋರ್ಟಿನ ಕಡೆಗೆ ಮನಸ್ಸು ಹೋಗಲಿಲ್ಲ. ೧೯೦೯ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಅಂದಿನಿಂದ ಮೂವತ್ತು ವರ್ಷಕ್ಕೂ ಮಿಕ್ಕಿ ಅವರು ಹೊಟ್ಟೆಪಾಡಿಗೆ ಕಲಿಸಿದ್ದು ಇಂಗ್ಲಿಷನ್ನು, ಜೀವಮಾನವೆಲ್ಲ ದುಡಿದದ್ದು ಕನ್ನಡಕ್ಕೆ.

ಆ ಕಾಲದ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಕಾಲೇಜಿನಲ್ಲಿ ಇಂಗ್ಲಿಷಿಗೆ ಇದ್ದ ಗೌರವ ಕನ್ನಡಕ್ಕೆ ಇರಲಿಲ್ಲ. ಓದಿದವರು ಪರಸ್ಪರ ಇಂಗ್ಲಿಷಿನಲ್ಲಿಯೇ ಮಾತನಾಡುತ್ತಿದ್ದರು, ಕಾಗದ ಬರೆಯುತ್ತಿದ್ದರು. ಕನ್ನಡ ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ನಮ್ಮ ಬಳ್ಳಾರಿ ಮದರಾಸಿನಲ್ಲಿ. ನಮ್ಮ ಸಂಡೂರು ಘೋರ್ಪಡೆ ಮನೆತನದ ಒಂದು ಪುಟ್ಟ ಸಂಸ್ಥಾನ. ಇಂಥ ಹೊತ್ತಿನಲ್ಲಿ, ೧೯೧೧ರಲ್ಲಿ, ಇಪ್ಪತ್ತೇಳು ವರ್ಷದ ಈ ಇಂಗ್ಲಿಷ್ ಅಧ್ಯಾಪಕರು ಧಾರವಾಡಕ್ಕೆ ಹೋಗಿ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡದ ಏಳಿಗೆಯನ್ನು ಕುರಿತು ಭಾಷಣ ಮಾಡಿದರು. ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬುದು ಅದರ ಹೆಸರು. ಕನ್ನಡ ತಲೆಯೆತ್ತಬೇಕಾದರೆ ಅದು ಜನರಾಡುವ ಹೊಸಗನ್ನಡವಾಗಬೇಕು, ಇಂಗ್ಲಿಷಿನಂಥ ಬೆಳೆದ ಸಾಹಿತ್ಯದಿಂದ ಸತ್ತ್ವವನ್ನು ಹೀರಿಕೊಳ್ಳಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು. ಭಾಷಣ ಮಾಡುವವರು ಬಹಳ ಮಂದಿ ಇರುತ್ತಾರೆ. ಹೇಳಿದ್ದನ್ನು ತಾವೇ ಕುಳಿತು ಮಾಡಿದವರು ಕಡಮೆ. ಶ್ರೀಯವರು ಆ ಕಡಮೆ ಜನರಲ್ಲಿ ಒಬ್ಬರು.

ಅವರು ಮಾಡಹೊರಟ ಕೆಲಸದ ಕಷ್ಟವೇನು ಎಂಬುದು ಒತ್ತಿನ ವಿಚಾರ ತಿಳಿದ ಮೇಲೆ ನನಗೆ ಅರ್ಥವಾಯಿತು. ಇಂಗ್ಲಿಷ್ ಪದ್ಯ ನಡೆಯುವುದೇ ಒತ್ತಿನ ಮೇಲೆ. ಒಂದು ಸಾಲಿನಲ್ಲಿ ಇಷ್ಟು ಒತ್ತು ಎಂದು ಗೊತ್ತು. ಒತ್ತುಳ್ಳ ಅಕ್ಷರಗಳ ನಡುವೆ ಒತ್ತಿಲ್ಲದವು ಒಂದೋ ಎರಡೋ ಓಡಿ ಸೇರಿಕೊಳ್ಳುತ್ತವೆ. ಕಿವಿ ಒತ್ತುಗಳನ್ನೇ ಎಣಿಸುತ್ತದೆ. ಅದರ ಅತ್ಯಂತ ರೂಢಿಯ ಗಣದಲ್ಲಿ ಮೊದಲನೆಯದು ಹಗುರ, ಎರಡನೆಯದು ಭಾರ. ಕನ್ನಡದಲ್ಲಿ ಪದವು ಮೊದಲಲ್ಲಿ ಊರಿ ಮುಂದೆ ಹಗುರವಾಗುತ್ತದೆ. ಇದು ಸರಿಯಾಗಿ ಅದಕ್ಕೆ ತಿರುವುಮುರುವು. ಮೇಲಾಗಿ, ನಮ್ಮ ಛಂದಸ್ಸು ಎಣಿಸುವುದು ಮಾತ್ರೆಗಳನ್ನು: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದಕ್ಕೂ ಎರಡು. ಇಂಗ್ಲಿಷ್ ಒತ್ತನ್ನು ಹಾಗೆಯೇ ತಂದು ಕನ್ನಡದ ಬಾಯಿಗೆ ತುರುಕಿದರೆ, ಆ ದಿನ ಸಭೆಯಲ್ಲಿ ನನಗಾದ ಗತಿಯೇ ಪದ್ಯಕ್ಕೂ ಆಗುತ್ತದೆ, ತಲೆಕೆಳಗಾಗಿ.

ಇನ್ನೊಂದು ತೊಡಕು ಪ್ರಾಸದ್ದು. ಹಳೆಯ ಪದ್ಧತಿಯಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಮಂಜೇಶ್ವರದ ಗೋವಿಂದ ಪೈಗಳು ೧೯೧೧ರಲ್ಲಿ ಈ ಆದಿಪ್ರಾಸದ ಕಟ್ಟನ್ನು ಧೈರ್ಯದಿಂದ ಬಿಟ್ಟಿದ್ದರು. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತರುವ ಪ್ರಯತ್ನವನ್ನು ಶ್ರೀಯವರಿಗಿಂತ ಮುಂಚೆ ಪಂಜೆ ಮಂಗೇಶರಾಯರು, ಎಸ್. ಜಿ. ನರಸಿಂಹಾಚಾರ್ಯರು, ಹಟ್ಟಿಯಂಗಡಿ ನಾರಾಯಣರಾಯರು ಮಾಡಿದ್ದರು. ಆದ್ದರಿಂದ ಎಲ್ಲವನ್ನೂ ಶ್ರೀಯವರೇ ಹೊಸದಾಗಿ ಆರಂಭಿಸಿದರೆಂದು ಹೇಳುವುದು ಅವರ ಭಕ್ತರ ಅತ್ಯುತ್ಸಾಹ. ಅಲ್ಲೊಂದು ಇಲ್ಲೊಂದು ಕಾಲುದಾರಿಯಾಗಿದ್ದುದನ್ನು ಗಾಡಿ ಹೋಗುವ ರಸ್ತೆಯಾಗಿ ಮಾಡಿದವರು ಶ್ರೀಯವರು ಎಂದರೆ ಸರಿಯಾದೀತು.

ಆ ರಸ್ತೆಯನ್ನು ಅವರು ಹೇಗೆ ಮಾಡಿದರು? ಇಂಗ್ಲಿಷಿನ ಒತ್ತನ್ನು ಅವರು ತರಲಿಲ್ಲ. ಒತ್ತು ಮಾಡುತ್ತಿದ್ದ ಕೆಲಸವನ್ನು ಕನ್ನಡದ ಮಾತ್ರಾಗಣಕ್ಕೆ ವಹಿಸಿದರು. ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ತೆಗೆದುಕೊಂಡರು. ಗಣದ ಮೊದಲಿಗೆ ಕನ್ನಡದ ಕಿವಿ ತಾನಾಗಿಯೇ ಒಂದು ತಾಳದ ಪೆಟ್ಟನ್ನು ಹಾಕುತ್ತದೆ. ಪದದ ಮೊದಲೂ ಗಣದ ಮೊದಲೂ ಬಹುಮಟ್ಟಿಗೆ ಒಂದೆಡೆ ಕೂಡುವಂತೆ ಮಾಡಿದರೆ, ನಮ್ಮ ಹಗುರವಾದ ಊರುವಿಕೆಯೇ ಇಂಗ್ಲಿಷ್ ಒತ್ತಿನ ಸ್ಥಾನದಲ್ಲಿ ನಿಲ್ಲುತ್ತದೆ. ಸಾಲಿನ ಕೊನೆಯಲ್ಲಿ ಪೂರ್ತಿಯಾಗದ ಒಂದು ಚೂರನ್ನು, ಮುಡಿಯನ್ನು, ಇಟ್ಟು ಉಸಿರು ನಿಲ್ಲುವುದಕ್ಕೆ ಎಡೆ ಮಾಡಿದರು. ಉದ್ದ ಸಾಲು, ಗಿಡ್ಡ ಸಾಲುಗಳನ್ನು ಬೇಕಾದ ಹಾಗೆ ಹೆಣೆದು, ಅಂತ್ಯಪ್ರಾಸದಿಂದ ಕಟ್ಟಿದರು. ಷಟ್ಪದಿಯಲ್ಲಿ ಆರು ಸಾಲೇ ಇರಬೇಕು, ಮೂರನೆಯದೂ ಆರನೆಯದೂ ದೊಡ್ಡದಾಗಿರಲೇಬೇಕು ಎಂಬ ಕಟ್ಟು ಹೋಯಿತು, ಒಳಗಿನ ಗಣದ ನಡೆ ಉಳಿಯಿತು.

ನ್ಯೂಮನ್ ಎಂಬ ಪಾದ್ರಿ ೧೮೩೩ರಲ್ಲಿ ಸಮುದ್ರಯಾನದಲ್ಲಿ ಬರೆದ ಪ್ರಾರ್ಥನೆಯೊಂದನ್ನು ಶ್ರೀಯವರು ಕನ್ನಡಿಸಿದ್ದಾರೆ. ಕತ್ತಲಲ್ಲಿ ದಾರಿ ಕಾಣದವನು ದಯೆಯುಳ್ಳ ಬೆಳಕನ್ನು ಕರೆಯುವ ಆ ಗೀತೆಯನ್ನು ನಮ್ಮಲ್ಲಿ ಅನೇಕರು ಶಾಲೆಯ ಪ್ರಾರ್ಥನೆಯಲ್ಲಿ ಹಾಡಿರುತ್ತಾರೆ. ಮೂಲವು ಗಾಂಧೀಜಿಯವರಿಗೂ ಪ್ರಿಯವಾಗಿತ್ತು. ಮೂಲದಲ್ಲಿ ಐದು ಒತ್ತಿನ ಉದ್ದ ಸಾಲು, ಅದರ ಕೆಳಗೆ ಎರಡು ಒತ್ತಿನ ಗಿಡ್ಡ ಸಾಲು. ಕನ್ನಡದಲ್ಲಿ ನಾನು ಬೆರಳು ಮಡಿಚಿ ಎಣಿಸಿ ನೋಡಿದೆನು: ಮೊದಲಿನ ಉದ್ದ ಸಾಲಿನಲ್ಲಿ ಐದೈದು ಮಾತ್ರೆಯ ನಾಲ್ಕು ಗಣ, ಅದರ ಕೆಳಗಿನ ಗಿಡ್ಡ ಸಾಲಿನಲ್ಲಿ ಅಂಥವೇ ಎರಡು ಗಣ, ಮೇಲೆ ಒಂದು ಮುಡಿ. ಐದು ಮಾತ್ರೆಯ ಈ ನಡೆ ಎಲ್ಲಿಯದು? ವಾರ್ಧಕ ಷಟ್ಪದಿಯದು, ಲಕ್ಷ್ಮೀಶನ ಜೈಮಿನಿ ಭಾರತದ್ದು. ಇನ್ನೂ ಹಿಂದೆ ಹೋದರೆ ರಾಘವಾಂಕನ ಹರಿಶ್ಚಂದ್ರ ಕಾವ್ಯದ್ದು. ರಾಘವಾಂಕನೂ ಅವನ ಸೋದರಮಾವ ಹರಿಹರನೂ ಬಾಳಿದ್ದು ಎಲ್ಲಿ? ನಮ್ಮ ಹಂಪೆಯಲ್ಲಿ, ವಿರೂಪಾಕ್ಷನ ಸನ್ನಿಧಿಯಲ್ಲಿ. ಮಾವ ರಗಳೆಯನ್ನು ಬೆಳೆಸಿದನು, ಅಳಿಯ ಷಟ್ಪದಿಯನ್ನು ನೆಲೆಗೊಳಿಸಿದನು. ಇಂಗ್ಲೆಂಡಿನ ಪಾದ್ರಿಯ ಪ್ರಾರ್ಥನೆ ಕನ್ನಡಕ್ಕೆ ಬರುವಾಗ ಪಂಪಾಕ್ಷೇತ್ರದ ಹೆಜ್ಜೆಯನ್ನು ಹಾಕಿಕೊಂಡು ಬಂದಿತು. ಇದು ತಿಳಿದ ದಿನ ನನಗಾದ ಸಂತೋಷವನ್ನು ಇಲ್ಲಿ ಬರೆಯುವುದಿಲ್ಲ, ಹುಡುಗತನವೆನಿಸೀತು.

ಹಾಗೆಯೇ ಕ್ಯಾಂಪ್‌ಬೆಲ್ ಕವಿಯ ಒಂದು ಕಥನಗೀತೆ. ಸ್ಕಾಟ್ಲೆಂಡಿನ ಪ್ರಭುವೊಬ್ಬನ ಮಗಳು ತಾನು ಮೆಚ್ಚಿದವನೊಡನೆ ಓಡಿಹೋಗುತ್ತಾಳೆ. ತಂದೆಯ ಸವಾರರು ಬೆನ್ನಟ್ಟುತ್ತಾರೆ. ಬಿರುಗಾಳಿಯಲ್ಲಿ ದೋಣಿಯವನು ಅವರಿಬ್ಬರನ್ನೂ ಹತ್ತಿಸಿಕೊಂಡು ಹೊರಡುತ್ತಾನೆ. ತಂದೆ ದಡಕ್ಕೆ ಬರುವ ಹೊತ್ತಿಗೆ ದೋಣಿ ಮುಳುಗುತ್ತಿರುತ್ತದೆ. ಅವನ ಸಿಟ್ಟು ಅಳುವಾಗುತ್ತದೆ, ಕ್ಷಮಿಸಿದೆನೆಂದು ಕೂಗುತ್ತಾನೆ, ಪ್ರಯೋಜನವಿಲ್ಲ. ಶ್ರೀಯವರು ಇದನ್ನು ‘ಕಾರಿಹೆಗ್ಗಡೆಯ ಮಗಳು’ ಎಂದು ಮಾಡಿದರು. ಸ್ಕಾಟ್ಲೆಂಡಿನ ಪ್ರಭು ನಮ್ಮ ಕಡೆಯ ಹೆಗ್ಗಡೆಯಾದನು. ಇಲ್ಲಿ ಗಣದ ನಡೆ ಬೇರೆ: ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಕುಮಾರವ್ಯಾಸ ಭಾರತವನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಇದು ಭಾಮಿನಿಯ ನಡೆಯೆಂದು ಕೂಡಲೆ ಹೊಳೆಯುತ್ತದೆ. ಪ್ರಾರ್ಥನೆಗೆ ನಿಧಾನವಾದ ಐದು, ಓಟದ ಕತೆಗೆ ಕುಲುಕಿ ಓಡುವ ಮೂರು ನಾಲ್ಕು. ಆರಿಸಿದ್ದು ಸುಮ್ಮನೆ ಅಲ್ಲ.

ಪುಸ್ತಕದಲ್ಲಿ ಎಲ್ಲವೂ ಒಂದೇ ಮಟ್ಟದ್ದೆಂದು ನಾನು ಹೇಳಲಾರೆ. ಹುಡ್ ಕವಿಯಿಂದ ತಂದ, ಸೇತುವೆಯಿಂದ ನೀರಿಗೆ ಬಿದ್ದು ಸತ್ತ ಅನಾಥೆಯ ಮೇಲಿನ ‘ದುಃಖಸೇತು’ವನ್ನು ಒಂದೇ ಉಸಿರಿಗೆ ಓದಿದೆನು, ಬೇರೆ ಕೆಲವನ್ನು ಕರ್ತವ್ಯವೆಂದು ಓದಿದೆನು. ಆದರೆ ೧೯೨೬ರ ಹೊತ್ತಿಗೆ ಈ ಗೀತಗಳು ಪುಸ್ತಕವಾಗಿ ಕನ್ನಡಿಗರ ಕೈಗೆ ಬಂದ ಮೇಲೆ, ಹೊಸದಾಗಿ ಬರೆಯಬೇಕೆನ್ನುವ ತರುಣರಿಗೆ ಸಾಲು ಹೇಗೆ ನಿಲ್ಲಬೇಕು, ಹೇಗೆ ತಿರುಗಬೇಕು ಎಂಬ ಮಾದರಿ ಸಿಕ್ಕಿತು. ನಾವು ಇಂದು ಭಾವಗೀತೆ ಎಂದು ಹಾಡುವುದರಲ್ಲಿ ಬಹುಭಾಗ ಈ ಗಣಗಳ ಮೇಲೆಯೇ ನಡೆಯುತ್ತದೆ.

ಶ್ರೀಯವರ ಜೀವನದ ಉಳಿದ ಭಾಗವನ್ನು ಬೇಗ ಹೇಳುತ್ತೇನೆ. ಅವರು ಕೆಲವು ವರ್ಷ ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾಗಿದ್ದರು. ೧೯೨೭ರಲ್ಲಿ ಅಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು, ಅದಕ್ಕಾಗಿ ದುಡಿದವರಲ್ಲಿ ಶ್ರೀಯವರು ಮುಖ್ಯರು, ಪಾಠವನ್ನೂ ಹೇಳಿದರು. ಕುವೆಂಪು, ಡಿ. ಎಲ್. ನರಸಿಂಹಾಚಾರ್ಯರು ಆ ಮೊದಲ ತಂಡದ ವಿದ್ಯಾರ್ಥಿಗಳು. ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಕನ್ನಡದ ಎಂ.ಎ. ತರಗತಿಗೆ ಪಾಠ ಹೇಳುವುದು ಇಂದು ನಡೆಯುವ ಮಾತಲ್ಲ. ೧೯೨೮ರಲ್ಲಿ ಕಲಬುರ್ಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಕಲಬುರ್ಗಿ ಆಗ ನಿಜಾಮರ ಆಳ್ವಿಕೆಯಲ್ಲಿದ್ದಿತು. ೧೯೩೮ರಿಂದ ಕೆಲವು ವರ್ಷ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ‘ಕನ್ನಡ ನುಡಿ’ ಪತ್ರಿಕೆಯನ್ನೂ ಕನ್ನಡ ಪರೀಕ್ಷೆಗಳನ್ನೂ ನಡೆಸಿದರು. ಮೈಸೂರು ಮಹಾರಾಜರು ಅವರಿಗೆ ರಾಜಸೇವಾಸಕ್ತ ಎಂಬ ಬಿರುದನ್ನು ಕೊಟ್ಟರು. ಜನರು ಕನ್ನಡದ ಕಣ್ವ ಎಂದು ಕರೆದರು. ಶಕುಂತಲೆಯನ್ನು ಹೆತ್ತವರು ಬೇರೆ, ಸಾಕಿದವರು ಕಣ್ವರು. ಹೆಸರು ಒಪ್ಪುತ್ತದೆ.

ನಾಟಕಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ರನ್ನನ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ಮಾಡಿದರು. ಗ್ರೀಕರ ಸಾಫೊಕ್ಲಿಸ್ ಕವಿಯ ನಾಟಕವನ್ನು ಆಧರಿಸಿ ೧೯೨೯ರಲ್ಲಿ ‘ಅಶ್ವತ್ಥಾಮನ್’ ಬರೆದರು. ಈಸ್ಕಿಲಸ್ ಕವಿಯ ನಾಟಕವನ್ನು ೧೯೩೫ರಲ್ಲಿ ‘ಪಾರಸಿಕರು’ ಎಂದು ಕನ್ನಡಿಸಿದರು. ಪುರಾಣಗಳಲ್ಲಿ ಚಿರಂಜೀವಿಯೆನಿಸಿದ ಅಶ್ವತ್ಥಾಮನು ಇವರ ನಾಟಕದಲ್ಲಿ ಮಾನಭಂಗವನ್ನು ತಾಳಲಾರದೆ ತಾನೇ ಪ್ರಾಣ ಬಿಡುತ್ತಾನೆ. ಇದಕ್ಕೆ ಅನೇಕರು ಆಕ್ಷೇಪಿಸಿದರು. ಸಭೆಯ ನಗುವನ್ನು ಬಸ್ಸಿನಲ್ಲಿ ಹೊತ್ತುಕೊಂಡು ಬಂದ ನನಗೆ ಆ ಪಾತ್ರದ ನೋವು ದೂರದ್ದಾಗಿ ಕಾಣಲಿಲ್ಲ. ಆದರೆ ಒಂದು ದೂರು ಇದೆ. ಹೊಸಗನ್ನಡಕ್ಕಾಗಿ ಧಾರವಾಡದಲ್ಲಿ ವಾದಿಸಿದವರೇ ಈ ನಾಟಕಗಳನ್ನು ಹಳಗನ್ನಡದ ಬಿಗಿಯಲ್ಲಿ ಬರೆದರು. ಗಾಂಭೀರ್ಯಕ್ಕೆ ಅದು ಬೇಕೆಂದು ಅವರಿಗೆ ತೋರಿರಬೇಕು. ನಮ್ಮಂಥ ವಿದ್ಯಾರ್ಥಿಗಳು ಮಾತ್ರ ಅಧ್ಯಾಪಕರ ಸಹಾಯವಿಲ್ಲದೆ ಎರಡು ಪುಟ ದಾಟಲಾರೆವು. ಇಲ್ಲಿಯೂ ಛಂದಸ್ಸಿನ ಒಂದು ಸ್ವಾರಸ್ಯವಿದೆ. ಪ್ರಾಚೀನ ಗ್ರೀಕರ ಪದ್ಯ ಇಂಗ್ಲಿಷಿನಂತೆ ಒತ್ತನ್ನು ಎಣಿಸುತ್ತಿರಲಿಲ್ಲ; ನಮ್ಮ ಹಾಗೆ ಗುರುಲಘುಗಳ ಕಾಲವನ್ನು ಎಣಿಸುತ್ತಿತ್ತು. ಅವರ ಮಾತಿನಲ್ಲಿದ್ದುದು ಉಸಿರಿನ ಒತ್ತಲ್ಲ, ವೇದದ ಉದಾತ್ತ ಅನುದಾತ್ತಗಳಂತೆ ಸ್ವರದ ಏರಿಳಿತ. ಎರಡು ಸಾವಿರ ವರ್ಷ ಹಿಂದಿನ ಗ್ರೀಕು, ನೆರೆಯಲ್ಲಿ ಕುಳಿತು ಆಳುತ್ತಿದ್ದ ಇಂಗ್ಲಿಷಿಗಿಂತ ಈ ಒಂದು ವಿಷಯದಲ್ಲಿ ಕನ್ನಡಕ್ಕೆ ಹತ್ತಿರ.

ಕನ್ನಡ ಛಂದಸ್ಸಿನ ಚರಿತ್ರೆಯನ್ನೂ ಶ್ರೀಯವರು ಬರೆದರು. ಮಾಡಿ ನೋಡಿದ ಮೇಲೆ ಬರೆದ ಚರಿತ್ರೆ ಅದು. ಸಂಸ್ಕೃತದಿಂದ ಬಂದ ವೃತ್ತಗಳಿಗಿಂತ ಮೊದಲು ನಮ್ಮಲ್ಲಿ ಅಂಶಗಣದ ಹಾಡುಗಳಿದ್ದವು. ತ್ರಿಪದಿ ಅವುಗಳಲ್ಲಿ ಒಂದು, ಸುಮಾರು ಕ್ರಿ.ಶ. ೭೦೦ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿಯೇ ಅದು ಇದೆ. ಅಂಶಗಣದಲ್ಲಿ ಮಾತ್ರೆಯ ಲೆಕ್ಕ ಕಟ್ಟುನಿಟ್ಟಲ್ಲ; ಹಾಡುವವರ ಬಾಯಲ್ಲಿ ಅಕ್ಷರಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಹಳಗನ್ನಡದಲ್ಲಿ ಶಿಥಿಲದ್ವಿತ್ವ ಎಂಬುದೊಂದಿದೆ. ಕೇಶಿರಾಜನು ಅದನ್ನು ಹೇಳಿದ್ದಾನೆ. ಕೆಲವು ಪದಗಳಲ್ಲಿ ಒತ್ತಕ್ಷರವನ್ನು ತೇಲಿಸಿ ನುಡಿಯುವುದರಿಂದ ಅದರ ಹಿಂದಿನದು ಗುರುವಾಗುವುದಿಲ್ಲ. ನಮ್ಮ ಹಿರಿಯ ವೈಯಾಕರಣರು ಓಲೆಯ ಮೇಲಿನ ಬರಹವನ್ನಷ್ಟೇ ನೋಡದೆ ಬಾಯಿಂದ ಹೊರಟ ದನಿಯನ್ನು ಕೇಳಿ ನಿಯಮ ಮಾಡಿದರೆಂಬುದಕ್ಕೆ ಇದೊಂದೇ ಸಾಕು.

೧೯೪೩ರಲ್ಲಿ ಶ್ರೀಯವರ ಸ್ವಂತ ಕವಿತೆಗಳ ‘ಹೊಂಗನಸುಗಳು’ ಹೊರಬಂದಿತು. ಸಣ್ಣ ಪುಸ್ತಕ. ಇಷ್ಟು ದುಡಿದವರು ತಮಗಾಗಿ ಬರೆದುಕೊಂಡದ್ದು ಎಷ್ಟು ಸ್ವಲ್ಪ ಎಂದು ಅದನ್ನು ಕೈಯಲ್ಲಿ ಹಿಡಿದಾಗ ಅನಿಸಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ನಿವೃತ್ತರಾದ ಮೇಲೆ ವಿಶ್ರಾಂತಿ ತೆಗೆದುಕೊಳ್ಳದೆ, ಧಾರವಾಡದಲ್ಲಿ ಒಂದು ಕಾಲೇಜಿಗೆ ಪ್ರಿನ್ಸಿಪಾಲರಾಗಿ ಹೋದರು. ಮೂವತ್ತಮೂರು ವರ್ಷಗಳ ಹಿಂದೆ ತರುಣರಾಗಿ ನಿಂತು ಮಾತನಾಡಿದ ಊರಿಗೆ ಮುದುಕರಾಗಿ ಬಂದರು. ಅಲ್ಲಿಯೇ ೧೯೪೬ನೆಯ ಇಸವಿ ಜನವರಿ ೫ರಂದು ತೀರಿಕೊಂಡರು. ಅರುವತ್ತೆರಡು ವರ್ಷ ತುಂಬಿ ಎರಡು ದಿನವಾಗಿತ್ತು. ಸಂಡೂರು ಆಗ ಇನ್ನೂ ಸಂಸ್ಥಾನವಾಗಿಯೇ ಇದ್ದಿತು. ಅದು ಮದರಾಸಿನ ಬಳ್ಳಾರಿ ಜಿಲ್ಲೆಗೆ ಸೇರಿದ್ದು ೧೯೪೯ರಲ್ಲಿ, ಬಳ್ಳಾರಿ ಮೈಸೂರಿಗೆ ಬಂದದ್ದು ೧೯೫೩ರಲ್ಲಿ, ಕನ್ನಡ ನಾಡೆಲ್ಲ ಒಂದಾದದ್ದು ೧೯೫೬ರಲ್ಲಿ. ಇವೊಂದನ್ನೂ ಅವರು ನೋಡಲಿಲ್ಲ.

ಕಳೆದ ಬೇಸಗೆಯಲ್ಲಿ ಪುಸ್ತಕವನ್ನು ಮನೆಗೆ ತಂದಿದ್ದೆನು. ನಮ್ಮ ಅಜ್ಜಿ ಕಂಪ್ಲಿಯ ಕಡೆಯವಳು; ಚಿಕ್ಕಂದಿನಿಂದ ಗದ್ದೆಯಲ್ಲಿ ನಾಟಿ ಹಚ್ಚಿದವಳು. ಬೀಸುವ ಕಲ್ಲಿನ ಪದಗಳು ಅವಳಿಗೆ ಎಷ್ಟು ಬರುತ್ತವೆಯೋ ಲೆಕ್ಕವಿಲ್ಲ. ಮಿಕ್ಸರ್ ಬಂದ ಮೇಲೆ ಕಲ್ಲು ಅಂಗಳದ ಮೂಲೆ ಸೇರಿದೆ, ಪದಗಳು ಅವಳಲ್ಲಿಯೇ ಉಳಿದಿವೆ. ಒಂದು ರಾತ್ರಿ ಕರೆಂಟು ಹೋದಾಗ ಅವಳಿಗೆ ‘ಕಾರಿಹೆಗ್ಗಡೆಯ ಮಗಳು’ ಓದಿ ಹೇಳಿದೆನು. ನಾಲ್ಕನೆಯ ಸಾಲಿಗೆ ಬರುವ ಹೊತ್ತಿಗೆ ಅವಳ ಕೈ ತೊಡೆಯ ಮೇಲೆ ತಟ್ಟಲಾರಂಭಿಸಿತು. ಪ್ರತಿ ಗಣದ ಮೊದಲಿಗೆ ಸರಿಯಾಗಿ ಒಂದು ಪೆಟ್ಟು. ಮೂರು ಮಾತ್ರೆಯ ಗಣ ಬಂದಾಗ ಬೇಗ, ನಾಲ್ಕರದು ಬಂದಾಗ ಒಂದು ಕೂದಲೆಳೆಯಷ್ಟು ತಡೆದು. ಅವಳಿಗೆ ಯಾರೂ ಛಂದಸ್ಸನ್ನು ಹೇಳಿಕೊಟ್ಟಿಲ್ಲ. ನಾನು ಮೂರು ತಿಂಗಳು ಬೆರಳು ಮಡಿಚಿ ಎಣಿಸಿದ್ದು ಅವಳ ಅಂಗೈಯಲ್ಲಿದ್ದಿತು.

ಕತೆ ಮುಗಿದ ಮೇಲೆ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂಬಿಗನ ಮೇಲೆ ತಪ್ಪು ಹೊರಿಸಿದಳು. ತುಂಗಭದ್ರೆ ತುಂಬಿ ಬಂದಾಗ ಆನೆಗೊಂದಿಯ ಕಡೆಗೆ ಹರಿಗೋಲು ಬಿಡುವವರು ಯಾರು ಎಷ್ಟು ದುಡ್ಡು ಕೊಟ್ಟರೂ ಬಿಡುತ್ತಿರಲಿಲ್ಲವಂತೆ. ಇವನು ಯಾವ ಸೀಮೆಯ ಅಂಬಿಗ ಎಂದು ಕೇಳಿದಳು. ಸ್ಕಾಟ್ಲೆಂಡಿನವನು ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಪಡುವಲ ಕಡೆಯವನು ಎಂದೆನು. ಮರುದಿನ ಸಂಜೆ ಮತ್ತೊಮ್ಮೆ ಓದು ಎಂದಳು. ಪುಸ್ತಕವನ್ನು ಹಿಂದಿರುಗಿಸುವ ದಿನ ದಾಟಿ ಹೋಗಿದ್ದಿತು. ದಂಡ ಕಟ್ಟಿ, ಅದನ್ನೇ ನನ್ನ ಹೆಸರಿಗೆ ಇನ್ನೊಮ್ಮೆ ಬರೆಸಿಕೊಂಡು ಬಂದೆನು.